ಎಂಟು ರೂಪಾಯಿ ಲೆಕ್ಕ

ತೊಗರಿಬೇಳೆ ಮೊಬೈಲಿನಲ್ಲಿ ಕಿಲೋಗೆ ಎಂಟು ರೂಪಾಯಿ ಅಗ್ಗವೇ? ಸೋಪು, ಪೇಸ್ಟುಗಳನ್ನೂ ಜೊತೆಗೇ ತರಿಸಿಕೊಳ್ಳಿ. ಪೊಟ್ಟಣದ ಸರಕು ಎಲ್ಲಿ ಕೊಂಡರೂ ಒಂದೇ. ಅದಕ್ಕೆಲ್ಲ ಬೀದಿಯಂಗಡಿಯ ಋಣದ ಮಾತೇಕೆ?

ಕಾಫಿಪುಡಿಯ ಕಥೆ ಬೇರೆ. 'ಎಂಬತ್ತು–ಇಪ್ಪತ್ತು, ಫಿಲ್ಟರಿಗೆ' ಎಂದರೆ ಸಾಕು, ಚಿಕೋರಿ ತೂಗಿ, ಕಣ್ಣೆದುರೇ ಬೀಜ ಬೀಸಿ, ಇನ್ನೂ ಬೆಚ್ಚಗಿರುವ ಪೊಟ್ಟಣವನ್ನು ಕೈಗಿಡುವವರು ಬಸವನಗುಡಿ, ಮಲ್ಲೇಶ್ವರಗಳಲ್ಲಿ ಈಗಲೂ ಇದ್ದಾರೆ. ಹುಳ ಬಿದ್ದ ರವೆಯನ್ನು ಗೊಣಗದೆ (ಸ್ವಲ್ಪ ಗೊಣಗಿಯೇ ಅನ್ನಿ) ಬದಲಿಸಿಕೊಡುವ ದಿನಸಿ ಅಂಗಡಿಯವರೂ ಅಂಥವರೇ. ಎಂಟು ರೂಪಾಯಿ ಇಲ್ಲಿ ಖರ್ಚಾಗಲಿ.

2023ರಲ್ಲಿ ಬಸವನಗುಡಿಯ ಗಾಂಧಿ ಬಜಾರಿನ ರಸ್ತೆ ಅಗೆದಿದ್ದಾಗ ಅಂಗಡಿಯವರು ಗಿರಾಕಿಯಿಲ್ಲದೆ ಪರದಾಡಿದ್ದನ್ನು ಕಂಡಿದ್ದೇವೆ. ಹಾಗಾಗಿ ದರ ಅತಿಯೆನಿಸಿದರೆ ಸದ್ದಿಲ್ಲದೆ ಅಂಗಡಿ ಬಿಡಬೇಡಿ. 'ಏನ್ ಸ್ವಾಮಿ, ಇಷ್ಟೊಂದಾ?' ಎಂದು ಒಮ್ಮೆ ಕೇಳಿನೋಡಿ.