ಕತ್ತಿ ಹಿಡಿಯದ ಮೇಯರ್ ಸಾಲ್ವರ್ ಹಾರ್ಡಿನ್



ಈ ಸಲ ನಾನು ಬರೆಯುತ್ತಿರುವ ರಾಜನೀತಿಜ್ಞ ನಮ್ಮ ಚರಿತ್ರೆ ಪುಸ್ತಕದಲ್ಲಿ ಸಿಗುವುದಿಲ್ಲ. ಅವನು ಕಥೆಯವನು. ಐಸಾಕ್ ಅಸಿಮೋವ್ ಅವರ 'ಫೌಂಡೇಶನ್' ಎಂಬ ಇಂಗ್ಲಿಷ್ ವೈಜ್ಞಾನಿಕ ಕಾದಂಬರಿಯಲ್ಲಿ ಬರುತ್ತಾನೆ. ಅವನ ಕಥೆ 1942ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬಂದು, 1951ರಲ್ಲಿ ಪುಸ್ತಕವಾಯಿತು. ರಜೆಯಲ್ಲಿ ನನ್ನ ಸೋದರಮಾವ ಅದನ್ನು ಓದಿ ಅರ್ಥ ಹೇಳಿದರು.

ಕಥೆ ನಡೆಯುವುದು ಬಹಳ ಬಹಳ ಮುಂದಿನ ಕಾಲದಲ್ಲಿ. ಮನುಷ್ಯರು ನಕ್ಷತ್ರಲೋಕದ ತುಂಬ ಹರಡಿದ್ದಾರೆ. ಅವರ ದೊಡ್ಡ ಸಾಮ್ರಾಜ್ಯ ಒಡೆಯುತ್ತಿದೆ. ಅದರ ಅಂಚಿನಲ್ಲಿ ಟರ್ಮಿನಸ್ ಎಂಬ ಗ್ರಹ. ಅಲ್ಲಿರುವವರು ವಿಶ್ವಕೋಶ ಬರೆಯುವ ವಿದ್ವಾಂಸರು. ಲೋಹ ಇಲ್ಲವೆನ್ನುವಷ್ಟು ಕಡಿಮೆ, ಸೈನ್ಯವಂತೂ ಇಲ್ಲ. ಆ ಊರಿನ ಮೇಯರ್ ನಮ್ಮ ಹಾರ್ಡಿನ್.

ಪಕ್ಕದ ಅನಾಕ್ರಿಯಾನ್ ರಾಜ್ಯದ ದೂತ ಬಂದು, "ನಿಮ್ಮನ್ನು ಕಾಪಾಡ್ತೀವಿ, ಸೈನ್ಯಕ್ಕೆ ಜಾಗ ಕೊಡಿ" ಎಂದ. ಹಾರ್ಡಿನ್ ಮೆಲ್ಲಗೆ, "ನಮ್ಮ ವಿದ್ಯುತ್ ಸ್ಥಾವರಕ್ಕೆ ಪ್ಲುಟೋನಿಯಂ ಕೊಡ್ತೀರಾ?" ಎಂದು ಕೇಳಿದ. ದೂತ ತಡಬಡಾಯಿಸಿದ. ಅವರಿಗೆ ಅಣುಶಕ್ತಿ ಮರೆತೇ ಹೋಗಿದೆ ಅಂತ ಹಾರ್ಡಿನ್‌ಗೆ ಗೊತ್ತಾಯಿತು. ಇದು ಮೊದಲ ಪಾಠ: ಸರಿಯಾದ ಒಂದು ಪ್ರಶ್ನೆ ಸಾಕು.

ವಿದ್ವಾಂಸರು ಚಕ್ರವರ್ತಿ ಕಾಪಾಡುತ್ತಾನೆ ಎಂದು ನಂಬಿದ್ದರು. ಚಕ್ರವರ್ತಿಯ ಕಡೆಯವನು ಬಂದು ಐದು ದಿನ ಮಾತಾಡಿದ. ಹಾರ್ಡಿನ್ ಆ ಮಾತನ್ನೆಲ್ಲ ತರ್ಕಶಾಸ್ತ್ರದಿಂದ ಸೋಸಿಸಿದ. ಉಳಿದದ್ದು ಸೊನ್ನೆ! ಎರಡನೆಯ ಪಾಠ: ಮಾತಿನ ಉದ್ದ ನೋಡಬಾರದು, ತಿರುಳು ನೋಡಬೇಕು.

ಕೊನೆಗೆ ಅನಾಕ್ರಿಯಾನಿನ ಸೈನ್ಯ ಬಂದು ಇಳಿದೇ ಬಿಟ್ಟಿತು. ಹಾರ್ಡಿನ್ ಉಳಿದ ಮೂರು ರಾಜ್ಯಗಳಿಗೆ ಹೋಗಿ, "ಅಣುಶಕ್ತಿಯ ಗುಟ್ಟು ಅವರ ಕೈಗೆ ಸಿಕ್ಕರೆ ನಿಮ್ಮ ಗತಿ ಏನು?" ಎಂದು ಕೇಳಿದ. ಮೂವರೂ ಸೇರಿ ಎಚ್ಚರಿಕೆ ಕೊಟ್ಟರು. ಏಳೇ ದಿನದಲ್ಲಿ ಸೈನ್ಯ ಜಾಗ ಖಾಲಿ ಮಾಡಿತು. ಬೇರೆ ಉಪಾಯ ತೋಚದವನೇ ಹೊಡೆದಾಟಕ್ಕೆ ಇಳಿಯುತ್ತಾನೆ ಎಂಬುದು ಅವನ ನಂಬಿಕೆ.

ಇಲ್ಲಿವರೆಗೆ ನನಗೆ ಅವನು ತುಂಬ ಇಷ್ಟ. ಮುಂದಿನದ್ದರಲ್ಲಿ ಸಂಶಯ ಇದೆ. ಆಮೇಲೆ ಅವನು ನಾಲ್ಕೂ ರಾಜ್ಯಗಳಿಗೆ ಅಣುಶಕ್ತಿ ಯಂತ್ರ ಕೊಟ್ಟ. ಆದರೆ ವಿಜ್ಞಾನ ಅಂತ ಅಲ್ಲ, ದೇವರ ಮಹಿಮೆ ಅಂತ. ಅಲ್ಲಿನ ಪೂಜಾರಿಗಳಿಗೆ ಯಂತ್ರ ನಡೆಸಲು ಗೊತ್ತು, ಅದು ಹೇಗೆ ನಡೆಯುತ್ತದೆ ಅಂತ ಗೊತ್ತಿಲ್ಲ. ಮೂವತ್ತು ವರ್ಷದ ನಂತರ ಅನಾಕ್ರಿಯಾನ್ ಮತ್ತೆ ಯುದ್ಧಕ್ಕೆ ಬಂದಾಗ ಪೂಜಾರಿಗಳು ಯಂತ್ರ ನಿಲ್ಲಿಸಿದರು. ಅರಮನೆ ಕತ್ತಲಾಯಿತು. ಸೈನಿಕರೇ ತಿರುಗಿ ಬಿದ್ದರು. ಯುದ್ಧ ನಿಂತಿತು.

ರಕ್ತ ಹರಿಯಲಿಲ್ಲ, ನಿಜ. ಆದರೆ ಜನರನ್ನು ತಿಳಿವಳಿಕೆಯಿಲ್ಲದೆ ಇಟ್ಟದ್ದು ಸರಿಯೇ? ಹೋದ ಬೇಸಿಗೆಯಲ್ಲಿ ನಮ್ಮ ಪಂಪ್‌ಸೆಟ್ಟು ಕೆಟ್ಟು, ರಿಪೇರಿ ಬಲ್ಲವರು ಬರುವ ತನಕ ಮೂರು ದಿನ ಗಿಡಗಳಿಗೆ ನೀರಿರಲಿಲ್ಲ. ಅಪ್ಪ ಸ್ವಿಚ್ಚು ಒತ್ತುತ್ತಾ ನಿಂತಿದ್ದರು. ನಮಗೆ ಗೊತ್ತಿದ್ದದ್ದು ಸ್ವಿಚ್ಚು ಒಂದೇ. ಕತ್ತಲಾದ ಆ ರಾಜ್ಯದ ಜನರ ಪಾಡು ಈಗ ನನಗೆ ಅರ್ಥವಾಗುತ್ತದೆ.

ಮಾವನನ್ನು ಕೇಳಿದರೆ, "ನಿನ್ನ ಗೆಳೆಯರನ್ನು ಕೇಳು" ಎಂದರು. ಅದಕ್ಕೇ ಕೇಳುತ್ತಿದ್ದೇನೆ. ಹಾರ್ಡಿನ್ ಮಾಡಿದ್ದು ಸರಿಯೋ ತಪ್ಪೋ? ಚೀಟಿಯಲ್ಲಿ ಬರೆದು ಕೊಡಿ, ಮುಂದಿನ ಸಂಚಿಕೆಯಲ್ಲಿ ಅಂಟಿಸುತ್ತೇವೆ.

ಇಂತಿ ನಿಮ್ಮ ಸಹಪಾಠಿ,
9ನೇ ತರಗತಿ