ಮಸೂರವನ್ನು ಸರಿಸುವವರು ಯಾರು?

ದೂರದ ಗುಡ್ಡವನ್ನೂ ಕೈಯಲ್ಲಿಯ ಪುಸ್ತಕವನ್ನೂ ನಮ್ಮ ಕಣ್ಣು ಒಂದರ ಹಿಂದೊಂದು ಸ್ಫುಟವಾಗಿ ಕಾಣಬಲ್ಲದು. ಕಣ್ಣಿನ ಮಸೂರವು ತನ್ನ ಉಬ್ಬನ್ನು ಹೆಚ್ಚುಕಡಿಮೆ ಮಾಡಿಕೊಳ್ಳುವುದೇ ಇದಕ್ಕೆ ಕಾರಣ. ಗಾಜಿನ ಮಸೂರಕ್ಕೆ ಆ ಅನುಕೂಲವಿಲ್ಲ. ಛಾಯಾಗ್ರಾಹಕರು ಪ್ರೈಮ್ ಲೆನ್ಸ್ ಎನ್ನುವ, ನಾಭಿದೂರ ಬದಲಾಗದ ಮಸೂರವು ಹತ್ತಿರದ ವಸ್ತುವಿನ ಬಿಂಬವನ್ನು ಸರಿಯಾಗಿ ಮೂಡಿಸಬೇಕಾದರೆ ಮುಂದಕ್ಕೆ ಸರಿಯಲೇಬೇಕು.

ಎಷ್ಟು ಸರಿಯಬೇಕು? ನಾಭಿದೂರ ೫೦ ಮಿ.ಮೀ. ಇರುವ ಮಸೂರವನ್ನು ಹಿಡಿದು ಅಂಕಲಿಯ ಬಳಿ ಕೃಷ್ಣೆಯ ದಡದಲ್ಲಿ ನಿಂತಿದ್ದೇವೆ ಎನ್ನೋಣ. ಆಚೆ ದಡದ ಮರದ ಬಿಂಬವು ಮಸೂರದಿಂದ ಹೆಚ್ಚುಕಡಿಮೆ ೫೦ ಮಿ.ಮೀ. ಹಿಂದೆ ಬೀಳುತ್ತದೆ, ಒಂದು ಮೀಟರ್ ದೂರದಲ್ಲಿ ನಿಂತ ಗೆಳೆಯನ ಮುಖದ ಬಿಂಬವು ೫೨.೬ ಮಿ.ಮೀ. ಹಿಂದೆ. ತರಗತಿಯಲ್ಲಿ ಕಲಿತ ಸೂತ್ರದಿಂದ ವಾಚಕರು ಇದನ್ನು ತಾವೇ ಲೆಕ್ಕಹಾಕಿ ನೋಡಬಹುದು. ಅಂತರ ೨.೬ ಮಿ.ಮೀ. ಮಾತ್ರ. ಆದರೆ ಎಫ್/೧.೮ ರಷ್ಟು ಅಗಲವಾಗಿ ತೆರೆದ ಮಸೂರದಲ್ಲಿ ಬಿಂಬವು ೦.೧ ಮಿ.ಮೀ. ಹಿಂದೆಮುಂದೆ ಬಿದ್ದರೂ ಪ್ರತಿಯೊಂದು ಬಿಂದುವು ೦.೦೫೬ ಮಿ.ಮೀ. ಅಗಲದ ಚುಕ್ಕೆಯಾಗಿ ಹರಡುತ್ತದೆ. ಕಣ್ಣರೆಪ್ಪೆಯ ಕೂದಲು ಮಸುಕಾಗಲು ಅಷ್ಟು ಸಾಕು.

ಮಸೂರದ ಎರಡು ಅಂಚುಗಳಿಂದ ಬಂದ ಬೆಳಕನ್ನು ಹೋಲಿಸಿ, ಅದನ್ನು ಯಾವ ಕಡೆಗೆ ಎಷ್ಟು ಸರಿಸಬೇಕೆಂದು ಕ್ಯಾಮರಾ ನಿರ್ಣಯಿಸುತ್ತದೆ. ಇದೇ ಆಟೋಫೋಕಸ್ ವಿಧಾನಗಳಲ್ಲಿ ಮುಖ್ಯವಾದುದು. ನಿರ್ಣಯವಾದ ಮೇಲೆ ಸರಿಸಲು ಮೋಟಾರು ಬೇಕಷ್ಟೆ. ಅದು ಇರುವುದೆಲ್ಲಿ? ತೊಡಕೆಲ್ಲ ಇಲ್ಲಿಯೇ.

೧೯೮೬ರ ನಿಕಾನ್ ಎಫ್-೫೦೧ ಕ್ಯಾಮರಾದಲ್ಲಿ ಮೋಟಾರು ಕ್ಯಾಮರಾದ ಒಡಲಿನಲ್ಲಿತ್ತು. ತಿರುಪುಳಿಯ ತುದಿಯಂಥ ಪುಟ್ಟ ಕಡ್ಡಿಯೊಂದು ಹೊರಚಾಚಿ ಮಸೂರದ ಸ್ಕ್ರೂವನ್ನು ತಿರುಗಿಸುತ್ತಿತ್ತು. ಮರುವರ್ಷ ಕ್ಯಾನನ್ ಕಂಪನಿಯು ತನ್ನ ಹಳೆಯ ಜೋಡಣೆಯನ್ನೇ ಕೈಬಿಟ್ಟು, ಮೋಟಾರನ್ನು ಮಸೂರದೊಳಗೇ ಇಟ್ಟ ಇಎಫ್ ಪದ್ಧತಿಯನ್ನು ತಂದಿತು. ನಿಕಾನ್ ೧೯೫೯ರ ಜೋಡಣೆಯನ್ನೇ ಉಳಿಸಿಕೊಂಡಿತು. ಹಳೆಯ ಗಿರಾಕಿಗಳ ಮೇಲಿನ ಈ ದಾಕ್ಷಿಣ್ಯವೇ ಮುಂದಿನ ಗೊಂದಲದ ಬೇರೆಂದು ನನಗೆ ತೋರುತ್ತದೆ. ಏಕೆಂದರೆ ಮುಂದೆ ಅದೂ ಮೋಟಾರನ್ನು ಮಸೂರದೊಳಗೆ ಇಡತೊಡಗಿ, ಅಗ್ಗದ ಕ್ಯಾಮರಾಗಳಿಂದ ತಿರುಗುಕಡ್ಡಿಯನ್ನು ತೆಗೆದುಹಾಕಿತು. ಜೋಡಣೆಯ ಬಳೆ ಮಾತ್ರ ಅದೇ ಉಳಿಯಿತು.

ಮದುವೆಯ ಚಿತ್ರ ತೆಗೆದು ಕಾಲೇಜಿನ ಖರ್ಚು ತೂಗಿಸುವ ಚಿಕ್ಕೋಡಿಯ ಕಡೆಯ ಹುಡುಗನೊಬ್ಬನು ಎಎಫ್ ೫೦ ಮಿ.ಮೀ. ಎಫ್/೧.೮ಡಿ ಮಸೂರವನ್ನು ಅಗ್ಗಕ್ಕೆ ಕೊಂಡು ತನ್ನ ಡಿ೩೫೦೦ ಕ್ಯಾಮರಾಕ್ಕೆ ತೊಡಿಸಿದನೆನ್ನಿ. ಮಸೂರ ಕೂಡುತ್ತದೆ, ಬೆಳಕಿನ ಅಳತೆಯೂ ಸರಿಯಾಗಿರುತ್ತದೆ. ತಿರುಗಿಸುವವರು ಮಾತ್ರ ಇಲ್ಲ. ಅದೇ ಮಸೂರ ಡಿ೭೫೦೦ರ ಮೇಲೆ ತಾನಾಗಿ ಓಡಾಡುತ್ತದೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಈ ಭೇದ ತಿಳಿದರೆ ಆ ಚಿತ್ರ ಹೋದಂತೆಯೇ.

ಕನ್ನಡಿಯಿಲ್ಲದ ಜ಼ೆಡ್ ಕ್ಯಾಮರಾಗಳು ೨೦೧೮ರಲ್ಲಿ ಬಂದವು. ಇವುಗಳಲ್ಲಿ ಬಳೆಯಿಂದ ಸಂವೇದಕಕ್ಕೆ ೧೬ ಮಿ.ಮೀ. ದೂರ, ಹಳೆಯವುಗಳಲ್ಲಿ ೪೬.೫. ನಡುವಿನ ೩೦.೫ ಮಿ.ಮೀ.ಯನ್ನು ನಿಕಾನ್‌ನ ಎಫ್‌ಟಿಜ಼ೆಡ್ ಎಂಬ ಅಡಾಪ್ಟರ್ ತುಂಬುತ್ತದೆ. ಅದರಲ್ಲಿಯೂ ತಿರುಗುಕಡ್ಡಿಯಿಲ್ಲ.

ಆದ್ದರಿಂದ ಕೊಳ್ಳುವ ಮೊದಲು ಮಸೂರವನ್ನು ಹಿಂದುಮುಂದಾಗಿ ಹಿಡಿದು ನೋಡಬೇಕು. ಬಳೆಯಲ್ಲಿ ಸೀಳಿರುವ ಸಣ್ಣ ಸ್ಕ್ರೂ ಕಂಡು, ಹೆಸರಿನಲ್ಲಿ ಎಎಫ್-ಎಸ್ ಎಂದು ಇರದಿದ್ದರೆ, ತನ್ನ ಕ್ಯಾಮರಾದಲ್ಲಿ ಕಡ್ಡಿಯುಂಟೇ ಎಂದು ಪರೀಕ್ಷಿಸತಕ್ಕದ್ದು. ಈಗಾಗಲೇ ಕೊಂಡಿದ್ದರೆ ಕೈಯಿಂದ ತಿರುಗಿಸಬಹುದು. ಬಿಂಬ ಸ್ಫುಟವಾದಾಗ ಡಿ೩೫೦೦ರ ನೋಟಕಿಂಡಿಯಲ್ಲಿ ಚುಕ್ಕೆಯೊಂದು ಹೊತ್ತಿಕೊಳ್ಳುತ್ತದೆ. ಕುಳಿತವರ ಭಾವಚಿತ್ರಕ್ಕೆ ಇಷ್ಟು ಧಾರಾಳವಾಯಿತು. ಶರ್ಯತ್ತಿನಲ್ಲಿ ಓಡುವ ಎತ್ತುಗಳಿಗೆ ಸಾಲದು.