ಕ್ಲಚ್ ಹಿಡಿದರೂ ಗಾಡಿ ಮುಂದ ಜಗ್ತದ

"ಕ್ಲಚ್ ಹಿಡಿದ್ರೂ ಗಾಡಿ ಮುಂದ ಜಗ್ತದ್ರೀ." ಶಹಾಪುರದ ನನ್ನ ಗ್ಯಾರೇಜಿನಲ್ಲಿ ಈ ಮಾತು ಕೇಳುತ್ತ ಇಪ್ಪತ್ತು ವರ್ಷದ ಮೇಲಾಯಿತು. ಯಾದಗಿರಿಯಿಂದ ಬಂದವರು, ಸುರಪುರದಿಂದ ಬಂದವರು, ನಾರಾಯಣಪುರ ಕಾಲುವೆಯ ಕೆಳಗಿನ ಭತ್ತದ ಗದ್ದೆಯಿಂದ ಕೆಸರುಗಾಲಲ್ಲೇ ಬಂದವರು, ಎಲ್ಲರದೂ ಇದೇ ಮಾತು. ಅದರ ಬೆನ್ನಿಗೇ ಇನ್ನೊಂದು: "ಪ್ಲೇಟ್ ಹೋಗ್ಯಾವಂತ ಒಬ್ರು ಹೇಳ್ಯಾರ." ಪ್ಲೇಟ್ ಹೋಗಿವೆಯೋ ಇಲ್ಲವೋ ಎಂಬುದು ಎಂಜಿನ್ನಿನ ಒಂದು ಬೋಲ್ಟನ್ನೂ ಮುಟ್ಟದೆ ಬಹುಮಟ್ಟಿಗೆ ತಿಳಿಯುತ್ತದೆ. ತಿಳಿದುಕೊಳ್ಳದೆ ಬಿಚ್ಚಿದರೆ ಆಯಿಲ್ ಇಳಿಸಬೇಕು, ಕಿಕ್ ತೆಗೆಯಬೇಕು, ಬಲಗಡೆಯ ಕವರ್ ಬಿಚ್ಚಿ ಹೊಸ ಪ್ಯಾಕಿಂಗ್ ಹಾಕಬೇಕು. ಕೂಲಿಯವನ ದಿನಗಳ ದುಡಿಮೆ ಹೋಗುತ್ತದೆ, ರೋಗ ಇದ್ದಲ್ಲೇ ಇರುತ್ತದೆ. ಅದಕ್ಕೇ ಕಲಿತದ್ದನ್ನು ಬರೆದಿಡುತ್ತಿದ್ದೇನೆ.

1. ಜಾರುವ ಕ್ಲಚ್ ಬೇರೆ, ಬಿಡದ ಕ್ಲಚ್ ಬೇರೆ. ಎಕ್ಸಲೇಟರ್ ಕೊಟ್ಟರೆ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಏರು ಹತ್ತುವುದಿಲ್ಲ ಎಂದರೆ ಕ್ಲಚ್ ಜಾರುತ್ತಿದೆ. ಪ್ಲೇಟ್ ಸವೆದಾಗ ಆಗುವುದು ಇದು. ಕ್ಲಚ್ ಹಿಡಿದರೂ ಗಾಡಿ ಮುಂದೆ ತೆವಳುವುದು, ಫಸ್ಟ್ ಗೇರ್ ಬಿದ್ದೊಡನೆ ಎಂಜಿನ್ ಆರುವುದು, ಸಿಗ್ನಲ್ಲಿನಲ್ಲಿ ನಿಂತಾಗ ನ್ಯೂಟ್ರಲ್ ಸಿಗದೆ ಎಂಜಿನ್ ಆಫ್ ಮಾಡಿದೊಡನೆ ಸಿಗುವುದು, ಇವು ಬಿಡದ ಕ್ಲಚ್ಚಿನ ಗುರುತು. ಸವೆದು ತೆಳುವಾದ ಪ್ಲೇಟಿಗೆ ಕ್ಲಚ್ ಡ್ರಮ್ಮಿನೊಳಗೆ ಜಾಗ ಹೆಚ್ಚು, ಅದು ಅಂಟಿ ನಿಲ್ಲುವುದು ಅಪರೂಪ. ಆದ್ದರಿಂದ ಮುಂದೆ ಜಗ್ಗುವ ಗಾಡಿಗೆ 'ಪ್ಲೇಟ್ ಸವೆದಿವೆ' ಎನ್ನುವ ತೀರ್ಪೇ ತಲೆಕೆಳಗು.

ಮೇನ್ ಸ್ಟ್ಯಾಂಡ್ ಹಾಕಿ, ಫಸ್ಟ್ ಗೇರಿನಲ್ಲಿ ಕ್ಲಚ್ ಹಿಡಿದಾಗ ಹಿಂದಿನ ಚಕ್ರ ತಿರುಗುವುದನ್ನು ನೋಡಿ ಎಷ್ಟೋ ಜನ ಗಾಬರಿಯಾಗುತ್ತಾರೆ. ಪ್ಲೇಟುಗಳ ನಡುವಿನ ಆಯಿಲ್ ಅಷ್ಟು ಎಳೆಯುವುದು ಸಹಜ. ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತಿ. ಚಕ್ರ ನಿಂತು, ಎಂಜಿನ್ನಿನ ಸದ್ದು ಹಾಗೇ ಇದ್ದರೆ ಕ್ಲಚ್ ಬಿಡುತ್ತಿದೆ. ಎಂಜಿನ್ ಕುಗ್ಗಿದರೆ ಅಥವಾ ಆರಿದರೆ ಬಿಡುತ್ತಿಲ್ಲ.

2. ಯಾವಾಗ ಹೀಗಾಗುತ್ತದೆ ಎಂದು ಕೇಳಿ. ಬೆಳಿಗ್ಗೆ ಮೊದಲ ಗೇರಿಗೆ ಮಾತ್ರ 'ಟಕ್' ಎಂದು ಜಿಗಿದು ಆಮೇಲೆ ಸರಿಹೋಗುತ್ತದೆ ಎಂದರೆ ತಣ್ಣಗಿನ ಆಯಿಲಿನ ಅಂಟು, ಚಿಂತೆ ಬೇಡ. ಕ್ಲಚ್ ಹಿಡಿದು ಎರಡು ಸಲ ಕಿಕ್ ಹೊಡೆದು, ಆಮೇಲೆ ಸ್ಟಾರ್ಟ್ ಮಾಡಿದರಾಯಿತು; ಹಳೆಯ ಬುಲೆಟ್ ಓಡಿಸಿದವರಿಗೆ ಇದು ಗೊತ್ತು. ಯಾದಗಿರಿಯಿಂದ ಬೇಸಿಗೆಯ ಮಧ್ಯಾಹ್ನ ಓಡಿಸಿಕೊಂಡು ಬರುವಷ್ಟರಲ್ಲಿ ಗೇರ್ ಬಿಗಿಯಾಯಿತು ಎಂದರೆ ಮಾತು ಬೇರೆ. ಕಾದಷ್ಟೂ ಹೆಚ್ಚುವ ರೋಗ ಸೊಟ್ಟಗಾದ ಪ್ಲೇಟಿನ ಕಡೆ ಬೆರಳು ತೋರಿಸುತ್ತದೆ.

3. ಕೈಯಿಂದ ಶುರು ಮಾಡಿ, ಎಂಜಿನ್ನಿನಿಂದಲ್ಲ. ನನ್ನ ಕಸುಬಿನ ದೊಡ್ಡ ಪಾಠ ಇದೇ. ಸ್ಪ್ಲೆಂಡರ್ ತರಹದ ಗಾಡಿಗೆ ಕ್ಲಚ್ ಲಿವರಿನ ತುದಿಯಲ್ಲಿ 10ರಿಂದ 20 ಮಿ.ಮೀ. ಸಡಿಲ ಇರಬೇಕು, ಸುಮಾರು ಒಂದು ಬೆರಳ ದಪ್ಪ. ಹೆಚ್ಚಾದರೆ ಕ್ಲಚ್ ಪೂರಾ ಬಿಡುವುದಿಲ್ಲ, ತೀರಾ ಕಡಿಮೆಯಾದರೆ ಜಾರುತ್ತದೆ. ಎಂಜಿನ್ ಆಫ್ ಇರಲಿ. ಒಂದು ಕೈಯಲ್ಲಿ ಲಿವರ್ ನಿಧಾನವಾಗಿ ಎಳೆಯುತ್ತ, ಕೇಬಲ್ ಬಂದು ಸೇರುವ ಕೆಳಗಿನ ಆರ್ಮ್ ನೋಡಿ. ಲಿವರ್ ಅರ್ಧ ದಾರಿ ಬಂದರೂ ಆರ್ಮ್ ಅಲ್ಲಾಡದಿದ್ದರೆ ದೋಷ ಲಿವರಿನಲ್ಲಿ ಅಥವಾ ಕೇಬಲಿನಲ್ಲಿ. ಆರ್ಮ್ ಪೂರ್ತಿ ಚಲಿಸಿದರೂ ಕ್ಲಚ್ ಬಿಡದಿದ್ದರೆ ದೋಷ ಒಳಗೆ. ಇಷ್ಟು ನೋಡಲು ಪಾನಾ ಬೇಡ, ಕಣ್ಣು ಸಾಕು.

ಇನ್ನು ಕೇಬಲ್. ಲಿವರಿನೊಳಗೆ ಕೂರುವ ಕೇಬಲಿನ ಗುಂಡು ಒಣಗಿದ್ದರೆ ಲಿವರ್ ಎಳೆದಾಗ ಅದು ತಿರುಗುವುದಿಲ್ಲ. ಪ್ರತಿ ಸಲವೂ ತಂತಿಯೇ ಬಾಗುತ್ತದೆ. ಹೀಗೆ ಬಾಗಿ ಬಾಗಿ ಒಂದೊಂದೇ ಎಳೆ ಕಡಿಯುತ್ತದೆ. ಕಡಿದ ಎಳೆ ಕವಚದೊಳಗೆ ಮಡಚಿಕೊಂಡು ಕೂರುತ್ತದೆ, ಉಳಿದ ಎಳೆಗಳು ಭಾರಕ್ಕೆ ಹಿಗ್ಗುತ್ತವೆ. ಲಿವರಿನ ಬುಡದಲ್ಲಿ ಬೆರಳಾಡಿಸಿದರೆ ಎಳೆ ಚುಚ್ಚುತ್ತದೆ. ಚುಚ್ಚಿದರೆ ಕೇಬಲ್ ಬದಲಿಸಿ, ಇನ್ನು ಯೋಚನೆ ಬೇಡ.

ಎಳೆ ಗಟ್ಟಿಯಿದ್ದು ಬರೀ ಬಿಗಿಯಾಗಿದ್ದರೆ ನಮ್ಮ ಎರೆಮಣ್ಣಿನ ಕೆಲಸ. ಮಳೆಗಾಲದಲ್ಲಿ ಗದ್ದೆಯ ರಾಡಿ ಒಳಗಿಳಿದು, ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ. ಕೇಬಲ್ ಬಿಚ್ಚಿ, ಮೇಲಿನ ತುದಿಗೆ ಪ್ಲಾಸ್ಟಿಕ್ ಚೀಲದ ತುಂಡನ್ನು ಲಾಳಿಕೆಯಂತೆ ಸುತ್ತಿ ದಾರ ಕಟ್ಟಿ, ತೆಳು ಆಯಿಲ್ ಹಾಕಿ ಗೋಡೆಯ ಮೊಳೆಗೆ ತೂಗುಹಾಕುತ್ತೇನೆ. ಬೆಳಗಾಗುವುದರೊಳಗೆ ಕೆಳಗಿನ ತುದಿಯಿಂದ ಮೊದಲು ಕರಿ ಹನಿ, ಆಮೇಲೆ ತಿಳಿ ಹನಿ ಬೀಳುತ್ತದೆ. ತಿಳಿ ಹನಿ ಕಂಡ ಮೇಲೆಯೇ ಕೇಬಲ್ ಕಟ್ಟುವುದು. ಗ್ರೀಸ್ ತುಂಬಬೇಡಿ, ಅದು ಧೂಳನ್ನು ಹಿಡಿದಿಟ್ಟುಕೊಂಡು ತಂತಿಯನ್ನೇ ತಿನ್ನುತ್ತದೆ. ಬಿದ್ದ ಗಾಡಿಯ ಹ್ಯಾಂಡಲ್ ಬದಲಿಸಿದ್ದರೆ ಅದನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ. ಸಡಿಲ ಹೆಚ್ಚುಕಡಿಮೆಯಾದರೆ ಕೇಬಲ್ ದಾರಿ ತಪ್ಪಿ ಎಲ್ಲೋ ಮಡಚಿಕೊಂಡಿದೆ.

4. ಟ್ರ್ಯಾಕ್ಟರಿನ ಆಯಿಲ್ ಬೈಕಿಗೆ ಬೇಡ. ಮನೆಯಲ್ಲಿ ಡಬ್ಬಿ ಇದೆ ಎಂದು ಅದನ್ನೇ ಸುರಿಯುವ ರೈತರು ಬಹಳ. ಬೈಕಿನಲ್ಲಿ ಎಂಜಿನ್ನಿಗೂ ಗೇರಿಗೂ ಕ್ಲಚ್ಚಿಗೂ ಸಾಮಾನ್ಯವಾಗಿ ಒಂದೇ ಆಯಿಲ್. 10ಡಬ್ಲ್ಯೂ-30 ಕೇಳುವ ಗಾಡಿಗೆ ದಪ್ಪನೆಯ ಆಯಿಲ್ ಹಾಕಿದರೆ ಪ್ಲೇಟ್ ಒಂದರಿಂದೊಂದು ಬೇಗ ಬಿಡುವುದಿಲ್ಲ. ಡಬ್ಬಿಯ ಮೇಲೆ 'ಜಾಸೊ ಎಂಎ' ಅಥವಾ 'ಎಂಎ2' ಎಂದಿರಬೇಕು. ಆಯಿಲಿನಲ್ಲಿ ಮುಳುಗಿರುವ ಕ್ಲಚ್ಚಿನ ಬೈಕುಗಳಿಗಾಗಿ ಜಪಾನಿನವರು 1998ರಲ್ಲಿ ತಂದ ಗುರುತು ಅದು. ಅಳತೆ ಮೀರಿ ಸುರಿಯುವುದೂ ತಪ್ಪು.

5. ಬಿಚ್ಚಲೇಬೇಕಾದಾಗ ಸ್ಟೀಲ್ ಪ್ಲೇಟನ್ನೂ ಡ್ರಮ್ಮನ್ನೂ ನೋಡಿ. ನನ್ನ ಹತ್ತಿರ ಹಳೇ ಶೋಕೇಸಿನ ದಪ್ಪ ಗಾಜಿನ ತುಂಡಿದೆ. ಸ್ಟೀಲ್ ಪ್ಲೇಟನ್ನು ಅದರ ಮೇಲಿಟ್ಟು ಸುತ್ತಲೂ ಫೀಲರ್ ಗೇಜ್ ಹಾಕುತ್ತೇನೆ. 0.20 ಮಿ.ಮೀ. ಎಲೆ ಸಲೀಸಾಗಿ ನುಸುಳಿದರೆ ಆ ಪ್ಲೇಟ್ ಸೊಟ್ಟಗಾಗಿದೆ. ನೀಲಿ ಬಣ್ಣಕ್ಕೆ ತಿರುಗಿದ್ದರೆ ಸುಟ್ಟಿದೆ.

ಡ್ರಮ್ಮಿನ ಸೀಳುಗಳನ್ನು ಬಹಳ ಮೆಕ್ಯಾನಿಕರು ನೋಡುವುದೇ ಇಲ್ಲ. ಪ್ಲೇಟಿನ ಹಲ್ಲು ವರ್ಷಗಟ್ಟಲೆ ಬಡಿದು ಅಲ್ಲಿ ಮೆಟ್ಟಿಲಿನಂಥ ಗುಳಿ ಬೀಳುತ್ತದೆ. ಪ್ಲೇಟ್ ಹಿಂದಕ್ಕೆ ಸರಿಯಬೇಕೆಂದಾಗ ಆ ಗುಳಿಯಲ್ಲಿ ಸಿಕ್ಕಿ ನಿಲ್ಲುತ್ತದೆ. ಹೊಸ ಪ್ಲೇಟ್ ಹಾಕಿದರೂ ರೋಗ ಹೋಗದಿರುವುದು ಇದಕ್ಕೇ. ಕಲಬುರಗಿಯ ಕೆಎ-32 ನಂಬರಿನ ಹಳೆಯ ಗಾಡಿಗಳು ಇಲ್ಲಿ ಇನ್ನೂ ಓಡುತ್ತಿವೆ. ಅಂಥವು ಬಂದರೆ ನಾನು ಮೊದಲು ಸೀಳಿನ ಮೇಲೆ ಉಗುರು ಎಳೆಯುತ್ತೇನೆ. ಉಗುರು ಸಣ್ಣಗೆ ತಡೆದರೆ ನಯವಾದ ಅರದಿಂದ ಸವರಬಹುದು. ಉಗುರು ಸಿಕ್ಕಿ ನಿಂತರೆ ಡ್ರಮ್ ಬದಲಿಸಬೇಕು.

6. ಹೊಸ ಪ್ಲೇಟನ್ನು ಒಣಗಿದ್ದಂತೆ ಕೂರಿಸಬಾರದು. ಇದು ನಾನು ತಪ್ಪು ಮಾಡಿ ಕಲಿತದ್ದು. ಗ್ಯಾರೇಜ್ ಹಾಕಿದ ಹೊಸದರಲ್ಲಿ ಒಬ್ಬ ಗೌಂಡಿಯ ಗಾಡಿಗೆ ಸಂಜೆಗತ್ತಲಲ್ಲಿ ಅವಸರದಿಂದ ಪ್ಲೇಟ್ ಹಾಕಿ ಕಳಿಸಿದೆ. ಮರುದಿನ ಬೆಳಿಗ್ಗೆ ಆತ ಗಾಡಿ ತಳ್ಳಿಕೊಂಡು ಬಂದು ನಿಂತಿದ್ದ, ಆ ದಿನದ ಕೆಲಸ ತಪ್ಪಿಹೋಗಿತ್ತು. ಪ್ಲೇಟ್ ಒಂದಕ್ಕೊಂದು ಅಂಟಿದ್ದವು. ದುಡ್ಡು ತೆಗೆದುಕೊಳ್ಳದೆ ಮತ್ತೆ ಬಿಚ್ಚಿದೆ. ಅಂದಿನಿಂದ ಹೊಸ ಪ್ಲೇಟ್ ಬಂದರೆ ರಾತ್ರಿಯಿಡೀ ಎಂಜಿನ್ ಆಯಿಲಿನಲ್ಲಿ ನೆನೆಹಾಕಿಯೇ ಜೋಡಿಸುತ್ತೇನೆ. ಗಿರಾಕಿ ಎಷ್ಟೇ ಅವಸರ ಮಾಡಿದರೂ ನಾಳೆ ಬಾ ಎನ್ನುತ್ತೇನೆ.

7. ಸ್ಪ್ರಿಂಗಿನ ಕೆಳಗೆ ವಾಶರ್ ಇಡಬೇಡಿ. ಜಾರುವ ಕ್ಲಚ್ಚಿಗೆ ಇದು ಅಗ್ಗದ ಮದ್ದು. ಲಿವರ್ ಕಲ್ಲಿನಂತಾಗುತ್ತದೆ, ಸ್ಪ್ರಿಂಗಿನ ಸುರುಳಿ ಒಂದಕ್ಕೊಂದು ತಾಗಿ ಪ್ಲೇಟ್ ಎದ್ದೇಳಲು ಜಾಗವಿರುವುದಿಲ್ಲ. ಒಂದು ರೋಗ ಹೋಗಿ ಇನ್ನೊಂದು ಬರುತ್ತದೆ.

8. ಅರ್ಧ ಕ್ಲಚ್ಚಿನಲ್ಲಿ ಏರು ಹತ್ತಬೇಡಿ. ಸುರಪುರ ಗುಡ್ಡಗಳ ನಡುವಿನ ಊರು. ಟೇಲರ್ ಮಂಜಿಲ್ ಕಡೆಯ ಏರಿನಲ್ಲಿ ಮೂವರು ಕುಳಿತು, ಸೆಕೆಂಡ್ ಗೇರಿನಲ್ಲೇ ಕ್ಲಚ್ ಒತ್ತುತ್ತ ಬಿಡುತ್ತ ಹೋಗುವವರನ್ನು ನೋಡಿದಾಗ ನನಗೆ ಒಳಗಿನ ಪ್ಲೇಟ್ ನೀಲಿಯಾಗುವುದು ಕಣ್ಣಿಗೆ ಕಟ್ಟುತ್ತದೆ. ಸಂಕ್ರಾಂತಿಗೆ ಮೈಲಾಪುರದ ಜಾತ್ರೆಗೆ ಹೋಗುವ ದಟ್ಟಣೆಯಲ್ಲೂ ಅಷ್ಟೇ. ನಿಂತಾಗ ನ್ಯೂಟ್ರಲ್ ಮಾಡಿ, ಏರಿನಲ್ಲಿ ಫಸ್ಟ್ ಗೇರಿಗೆ ಬನ್ನಿ.

9. ನಿಂತ ಗಾಡಿಯೂ ಕೆಡುತ್ತದೆ. ನಮ್ಮ ಭಾಗದವರು ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋಗುತ್ತಾರೆ. ಗಾಡಿ ತಿಂಗಳುಗಟ್ಟಲೆ ಬೇವಿನ ಮರದ ಕೆಳಗೆ ನಿಂತಿರುತ್ತದೆ. ಯುಗಾದಿಗೆ ಬಂದವರು ಕಿಕ್ ಹೊಡೆದು ಗೇರ್ ಹಾಕುತ್ತಾರೆ, ಗಾಡಿ ಮುಂದೆ ಜಿಗಿದು ಆರುತ್ತದೆ. ಒಂದು ವರ್ಷ ಹುಣಸಗಿ ಕಡೆಯ ಹುಡುಗನೊಬ್ಬ ಹಾಗೆ ಬಂದ. ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡಿ ಉಳಿಸಿದ್ದ ದುಡ್ಡನ್ನು ಮುಂದೆ ಚಾಚಿ, "ಎಲ್ಲಾ ಹೊಸಾದು ಹಾಕ್ರಿ" ಎಂದ. ನಾನು ದುಡ್ಡು ಮುಟ್ಟಲಿಲ್ಲ. ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಹತ್ತು ನಿಮಿಷ ಸ್ಟಾರ್ಟಿನಲ್ಲಿಟ್ಟು ಎಂಜಿನ್ ಕಾಯಿಸಿದೆ. ಆಫ್ ಮಾಡಿ, ಟಾಪ್ ಗೇರಿಗೆ ಹಾಕಿ, ಕ್ಲಚ್ ಹಿಡಿದು ಹಿಂದೆ ಮುಂದೆ ಜೋಲಿ ಹೊಡೆಸಿದೆವು. ಬಿಡಲಿಲ್ಲ. ಲಿವರನ್ನು ಹ್ಯಾಂಡಲಿಗೆ ಎಳೆದು ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟಿ ರಾತ್ರಿ ಹಾಗೇ ಬಿಟ್ಟೆ. ಬೆಳಿಗ್ಗೆ ಮತ್ತೆ ಕಾಯಿಸಿ ತಳ್ಳಿದಾಗ ಒಳಗೆ ಸಣ್ಣಗೆ 'ಚಟ್' ಎಂದಿತು, ಚಕ್ರ ಹಗುರಾಗಿ ಉರುಳಿತು. ಹಳೆಯ ಆಯಿಲ್ ಇಳಿಸಿ ಹೊಸದು ಹಾಕಿ ಕಳಿಸಿದೆ. ಎಲ್ಲ ಗಾಡಿಗಳೂ ಹೀಗೆ ಬಿಡುವುದಿಲ್ಲ. ಬಿಡದಿದ್ದರೆ ಬಿಚ್ಚಿ, ಪ್ಲೇಟ್ ಬೇರ್ಪಡಿಸಿ ತೊಳೆಯಬೇಕು. ಆಗಲೂ ಹೊಸ ಪ್ಲೇಟ್ ಬೇಕೇಬೇಕೆಂದಿಲ್ಲ.

ಗುಳೆ ಹೋಗುವವರಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ಹೋಗುವ ಮುಂಚೆ ಕೀಲಿಯನ್ನು ಮನೆಯಲ್ಲಿ ತಿಳಿದವರ ಕೈಗೆ ಕೊಡಿ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ, ನಾಲ್ಕು ಸಲ ಕ್ಲಚ್ ಹಿಡಿದು ಬಿಟ್ಟು, ಊರ ಅಗಸಿಯ ತನಕ ಹೋಗಿ ಬರಲು ಹೇಳಿ.